ನಾಲ್ಕನೆಯವನ ಬೆರಳು

ಮೂರು ಮಂದಿ ಕೂಡಿ ಫೋಟೋ ತೆಗೆಸಿಕೊಂಡರೆ ಒಬ್ಬರ ಆಯುಷ್ಯ ಹರಿಯುತ್ತದೆ ಎಂಬ ಮಾತನ್ನು ಮೊದಲು ಯಾರು ಆಡಿದರೋ ಏನೋ, ಬೆಳಗಾವಿಯ ಬಾಳಾಸಾಹೇಬರಷ್ಟು ಗಟ್ಟಿಯಾಗಿ ಅದನ್ನು ನಂಬಿದವರು ಮಾತ್ರ ಇನ್ನೊಬ್ಬರಿರಲಿಲ್ಲ. ಅವರ ಸ್ಟುಡಿಯೋದ ಮೆಟ್ಟಿಲು ಹತ್ತಿ ಮೂವರು ಬಂದರೆಂದರೆ, ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ತೂರಿಸುವ ಮೊದಲು ಕಿಟಕಿಯಿಂದ ಬಗ್ಗಿ ಬೀದಿಯಲ್ಲಿದ್ದ ಯಾರನ್ನಾದರೂ ಕೂಗುವರು. ಯಾರೂ ಸಿಗದ ದಿನ ಒಂದು ಪ್ಲಾಸ್ಟಿಕ್ ಗೊಂಬೆಯನ್ನು ಯಾರದಾದರೂ ತೊಡೆಯ ಮೇಲೆ ಕೂಡಿಸುವರು. ಊರಿನ ಎಷ್ಟೋ ಗೋಡೆಗಳ ಮೇಲೆ ದಪ್ಪ ಮೀಸೆಯ ಮಾವಂದಿರು ಗೊಂಬೆ ಹಿಡಿದುಕೊಂಡು ಗಂಭೀರವಾಗಿ ಕೂತಿದ್ದರೆ ಅದಕ್ಕೆ ಕಾರಣ ಇಷ್ಟೇ.

ಆ ಸ್ಟುಡಿಯೋದ ಒಳಕೋಣೆಯಲ್ಲಿ ಸುಲಭಾ ನೆಗೆಟಿವ್ ತಿದ್ದುತ್ತಿದ್ದಳು. ಇಳಿಜಾರು ಹಲಗೆಯ ಕೆಳಗೆ ಒಂದು ಕನ್ನಡಿ, ಕನ್ನಡಿಯಿಂದ ಮೇಲೇಳುವ ಬೆಳಕು, ಸೂಜಿಯಂತೆ ಹೆರೆದ ಪೆನ್ಸಿಲು, ಅರ್ಧ ಮುರಿದ ಬ್ಲೇಡು. ಮೊಡವೆ ಮುಚ್ಚುವುದು, ಕಣ್ಣಿನ ಕೆಳಗಿನ ಕಪ್ಪು ತೆಗೆಯುವುದು, ಮದುವೆ ಗೊತ್ತಾಗಬೇಕಾದ ಹುಡುಗಿಯ ಸಿಡುಬಿನ ಕಲೆಗಳನ್ನು ಒಂದೊಂದಾಗಿ ಅಳಿಸುವುದು ಅವಳ ಕೆಲಸ. ನೆಗೆಟಿವಿನಲ್ಲಿ ಎಲ್ಲವೂ ತಿರುಗಾಮುರುಗಾ. ಕೂದಲು ಬೆಳ್ಳಗೆ, ಹಲ್ಲು ಕರ್ರಗೆ, ನಗುವವರೂ ದೆವ್ವಗಳೇ. ಬೇರೆ ಯಾರಾದರೂ ಬೇಸತ್ತು ಬಿಡುತ್ತಿದ್ದರು. ಆದರೆ ಸುಲಭಾ ಅಜ್ಜಿಯ ಕತೆ ಉಂಡು ಬೆಳೆದವಳು. ಅವಳಿಗೆ ಇದು ಕತೆಯೊಳಗಿನ ಪಾತಾಳದ ಊರಿನ ಹಾಗೆ ಕಾಣುತ್ತಿತ್ತು. ದಿನವಿಡೀ ಆ ಊರಲ್ಲಿ ಇದ್ದು ಸಂಜೆಯ ರೈಲುಗಾಡಿ ಹಿಡಿದು ಖಾನಾಪುರಕ್ಕೆ ಮರಳುತ್ತಿದ್ದಳು.

ಮರಳಿದರೆ ಬಾಗಿಲಿಗೆ ಬೀಗ. ಹುಟ್ಟಿದಾಗಿನಿಂದ ಸಾಕಿದ ಅಜ್ಜಿ ಎಂಬತ್ತನೇ ಇಸವಿಯ ಆಷಾಢದಲ್ಲಿ ಹೋಗಿಬಿಟ್ಟಿದ್ದಳು. ಬಾಜೂ ಮನೆಯ ಇಮಾಮಬೀ ಮಾತ್ರ ಬೀಗ ತೆಗೆದ ಸಪ್ಪಳ ಕೇಳಿದೊಡನೆ ಗೋಡೆಯ ಮೇಲಿಂದ ತಾಟು ಚಾಚುತ್ತಿದ್ದಳು. ಗಂಡನ ಬೇಕರಿಯ ಎರಡು ಬನ್ನು, ಮೇಲೊಂದಿಷ್ಟು ಪಲ್ಯ. ಉಂಡಿಯೇನ ಬೇಟಿ ಎಂಬ ಒಂದೇ ಪ್ರಶ್ನೆ. ಇಡೀ ದಿನದಲ್ಲಿ ಕೆಲಸದ ಹೊರತಾಗಿ ಸುಲಭಾಳ ಕಿವಿಗೆ ಬೀಳುತ್ತಿದ್ದ ಮಾತು ಎರಡೇ. ಒಂದು ಇದು. ಇನ್ನೊಂದು, ಮಧ್ಯಾಹ್ನ ಕೆಳಗಿನ ಚೌಕಟ್ಟಿನ ಅಂಗಡಿಯಿಂದ ಈರಯ್ಯ ಕೂಗುತ್ತಿದ್ದದ್ದು: "ಸುಲಭಾಬಾಯಿ, ಚಾ ಬಂತರೀ."

ಈರಯ್ಯ ಫೋಟೋಗಳಿಗೆ ಗಾಜು ಕೂಡಿಸಿ ಕಟ್ಟು ಹಾಕುವವನು. ಸುತ್ತಿಗೆ ತಪ್ಪಿ ಬಿದ್ದು ಅವನ ಉಗುರುಗಳು ಯಾವಾಗಲೂ ಕಪ್ಪಾಗಿರುತ್ತಿದ್ದವು. ಅವನು ಅವಳೊಡನೆ ಅದಕ್ಕಿಂತ ಹೆಚ್ಚು ಮಾತಾಡಿದವನಲ್ಲ. ಆದರೂ ಆ ಮೂರು ಶಬ್ದಗಳನ್ನು ಅವಳು ಮಧ್ಯಾಹ್ನದಿಂದ ಸಂಜೆಯವರೆಗೆ ಬಾಯಲ್ಲಿಟ್ಟ ಸಕ್ಕರೆಯಂತೆ ಕರಗಿಸುತ್ತಿದ್ದಳು.

ಮರುವರ್ಷ ಮಳೆ ಹಿಂದೆ ಸರಿದ ಮೇಲೊಂದು ದಿನ ಸ್ಟುಡಿಯೋಕ್ಕೆ ಖಾನಾಪುರದ ಮೂವರು ಬಂದರು. ಮುಂದಿದ್ದವನು ಮೈಲಾರಲಿಂಗ, ಸಾಲಿಯಲ್ಲಿ ಹುಡುಗರಿಗೆ ಕಸರತ್ತು ಕಲಿಸುವವನು. ಜರಿಯಂಚಿನ ಶಾಲು, ಕೈಯಲ್ಲಿ ಖಡ್ಗ, ಹಿಂದಿನವರ ಕೈಯಲ್ಲಿ ಶುದ್ಧಭೂಮಿ ಪಕ್ಷದ ಬಾವುಟ. ಹೊರಗಿನಿಂದ ಬಂದವರೆಲ್ಲ ಊರು ಬಿಡಬೇಕು ಎನ್ನುವ ಪಕ್ಷ ಅದು. ಐದು ನೂರು ವರ್ಷದ ಹಿಂದೆ ಬಂದವರೂ ಅವರ ಲೆಕ್ಕದಲ್ಲಿ ನಿನ್ನೆ ಬಂದವರೇ. ಪಕ್ಷದಲ್ಲಿ ಯಾರ್‍ಯಾರಿದ್ದಾರೆ ಎಂಬುದನ್ನು ಹೊರಗೆ ಹೇಳುತ್ತಿರಲಿಲ್ಲ. ದೀಕ್ಷೆ ತೆಗೆದುಕೊಂಡ ದಿನದ ಉಬ್ಬು, ಪಕ್ಷದ ಒಳಕೋಣೆಯಲ್ಲಿ ತೂಗುಹಾಕಲು ಒಂದು ಫೋಟೋ ಬೇಕಾಗಿತ್ತು. ಬಾಳಾಸಾಹೇಬರು ಬಾವುಟ ನೋಡಲಿಲ್ಲ, ತಲೆ ಎಣಿಸಿದರು. ಕಿಟಕಿಯಿಂದ ಬಗ್ಗಿ ಈರಯ್ಯನನ್ನು ಕರೆದರು. ಮೂವರನ್ನು ಕುರ್ಚಿಯ ಮೇಲೆ ಕೂಡಿಸಿ, ಉದ್ದ ಆಳೆಂದು ಅವನನ್ನು ಹಿಂದೆ ನಡುವೆ ನಿಲ್ಲಿಸಿ, ಹೆಗಲ ಮ್ಯಾಲ ಕೈ ಇಡಪಾ, ಒಂದ ಮನಿಯವರಂಗ ಕಾಣಬೇಕು ಎಂದರು. ಈರಯ್ಯ ನಗುತ್ತ ಮೈಲಾರಲಿಂಗನ ಹೆಗಲ ಮೇಲೆ ಕೈಯಿಟ್ಟ. ಬೆಳಕು ಮಿಂಚಿತು. ಅವನು ಇಳಿದು ಹೋಗಿ ಮತ್ತೆ ಗಾಜು ಕೊಯ್ಯಲು ಕೂತ.

ಕಾರ್ತೀಕದಲ್ಲಿ ಒಂದು ನಸುಕಿಗೆ ಇಮಾಮಬೀಯ ಗಂಡನ ಬೇಕರಿ ಸುಟ್ಟಿತು. ಭಟ್ಟಿಯ ಬೆಂಕಿಯಲ್ಲ, ಹೊರಗಿನಿಂದ ಎರಚಿದ ಸೀಮೆಎಣ್ಣೆ. ಒಳಗಿದ್ದ ಹಿಟ್ಟಿನ ಚೀಲ ಎಳೆಯಹೋಗಿ ಗಂಡನ ಎರಡೂ ಕೈ ಬೆಂದವು. ಓಡಿಹೋದ ಮೂವರನ್ನು ಇಮಾಮಬೀ ಕಣ್ಣಾರೆ ಕಂಡಿದ್ದಳು, ಹೆಸರೂ ಹೇಳಿದಳು. ಮೈಲಾರಲಿಂಗ ಪೊಲೀಸ್ ಚೌಕಿಗೆ ಬಂದು, ತಾನು ಯಾವ ಪಕ್ಷದವನೂ ಅಲ್ಲ, ಮಕ್ಕಳಿಗೆ ಕಸರತ್ತು ಕಲಿಸುವವ, ಬುರಖಾದೊಳಗಿನ ಕಣ್ಣಿಗೆ ಏನು ಕಂಡೀತು ಎಂದು ನಕ್ಕು ಹೋದ. ಆಮೇಲೂ ಗೋಡೆಯ ಮೇಲೆ ತಾಟು ಬರುತ್ತಿತ್ತು, ಆದರೆ ಅದರಲ್ಲಿ ಬನ್ನು ಇರಲಿಲ್ಲ.

ಆ ಬಾವುಟದ ಫೋಟೋದ ನೆಗೆಟಿವ್ ಸುಲಭಾಳ ಹಲಗೆಯಿಂದ ಒಂದು ಮೊಳ ದೂರದ ಡಬ್ಬಿಯಲ್ಲಿತ್ತು.

ಬೆಳಗಾವಿಯಲ್ಲಿ ವಾರಪತ್ರಿಕೆ ನಡೆಸುವ ತ್ರ್ಯಂಬಕರಿಗೆ ಅವಳು ಇದ್ದದ್ದನ್ನು ಹೇಳಿದಳು. ಇಂಥವರ ಧೈರ್ಯವೆಲ್ಲ ಮುಖ ಮುಚ್ಚಿಕೊಂಡದ್ದರಲ್ಲಿ ಇರುತ್ತದೆ, ಮಾರಿ ತೋರಿಸಿದರೆ ಅರ್ಧ ಇಳಿಯುತ್ತದೆ ಎಂದರು ಅವರು. ಅದು ಅವಳಿಗೆ ಖರೇ ಅನಿಸಿತು. ಆದರೂ ಒಂದು ದಿನ, ಬೇರೇನೋ ಮಾತಿಗೆ ಎಂಬಂತೆ, ಗಿರಾಕಿಯ ಫೋಟೋ ಕೇಳದೆ ಬೇರೆಯವರಿಗೆ ಕೊಡಬಹುದೇ ಎಂದು ಬಾಳಾಸಾಹೇಬರನ್ನು ಕೇಳಿದಳು. ಅವರು ಕನ್ನಡಕ ಒರೆಸುತ್ತ ಹೇಳಿದರು: "ನಮ್ಮ ಮುಂದ ಮಾರಿ ಇಟ್ಟು ಕುಂದರೂದು ಅಂದ್ರ ಕ್ಷೌರದವನ ಮುಂದ ಕುತಗಿ ಇಟ್ಟಂಗವಾ. ಕಳ್ಳಂದೂ ಅಷ್ಟ, ಸಂತಂದೂ ಅಷ್ಟ."

ಅದೂ ಖರೇ ಅನಿಸಿತು. ಎರಡು ಖರೆಗಳ ನಡುವೆ ಸಿಕ್ಕವರಿಗೆ ಅಜ್ಜಿಯ ಕತೆಗಳಲ್ಲಿ ಒಂದು ಗಿಳಿಯಾದರೂ ಬಂದು ದಾರಿ ಹೇಳುತ್ತಿತ್ತು. ಸುಲಭಾಳ ಕಿಟಕಿಗೆ ಬಂದದ್ದು ಒಂದು ಕಾಗೆ. ಅದು ಏನೂ ಹೇಳಲಿಲ್ಲ. ಅವಳು ಬೆಂದ ಕೈಗಳನ್ನು ನೆನೆದು ನೆಗೆಟಿವ್ ತೆಗೆದಳು.

ಅಲ್ಲಿ ಈರಯ್ಯ ನಿಂತಿದ್ದ, ಕರಿ ಹಲ್ಲು ಬಿಟ್ಟು ನಗುತ್ತ.

ಕೆಳಗೆ ಹೋಗಿ ಕೇಳಬಹುದಿತ್ತು. ಮೆಟ್ಟಿಲು ಹದಿನಾಲ್ಕೋ ಹದಿನೈದೋ. ಆದರೆ ಕೇಳಿದರೆ ಅವನು ಬೇಡವೆಂದಾನು, ಆ ಮೇಲೆ ಮಧ್ಯಾಹ್ನ ಚಹಾಕ್ಕೆ ಕೂಗದೆ ಇದ್ದಾನು ಎಂಬ ಹೆದರಿಕೆ ಕಾಲು ಹಿಡಿಯಿತು. ಕೇಳದೆಯೇ ಉಳಿಸಿಬಿಡುತ್ತೇನೆ ಎಂದುಕೊಂಡಳು. ಎರಡು ಮಧ್ಯಾಹ್ನ ಕೂತು ಬ್ಲೇಡಿನ ತುದಿಯಿಂದ ಅವನ ಮುಖ ಕೆರೆದಳು, ಎದೆ ಕೆರೆದಳು, ಅದರ ಮೇಲೆ ಪೆನ್ಸಿಲಿನಿಂದ ಪರದೆಯ ನೆರಿಗೆ ಹೆಣೆದಳು. ಅಷ್ಟು ಹತ್ತಿರದಿಂದ ಆ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ನೋಡುತ್ತಿದ್ದಂತೆಯೇ ಅದು ಇಲ್ಲವಾಯಿತು. ಕೆಳಗಿನಿಂದ ಚಹಾಕ್ಕೆ ಕರೆ ಬಂದಾಗ ಅವಳು ಕೆರೆದ ಪುಡಿಯನ್ನು ಊದಿ ಎದ್ದಳು.

ಫೋಟೋ ಪತ್ರಿಕೆಯ ಮೊದಲ ಪುಟದಲ್ಲಿ ಬಂತು, ಕೆಳಗೆ ಮೂರು ಹೆಸರು. ಖಾನಾಪುರದ ರೈಲಿನಲ್ಲಿ ಡಬ್ಬಿಗೊಂದು ಪ್ರತಿ. ತ್ರ್ಯಂಬಕರು ಹೇಳಿದ್ದು ಸುಳ್ಳಾಗಲಿಲ್ಲ: ಸಾಲಿಯವರು ಮೈಲಾರಲಿಂಗನನ್ನು ಮನೆಗೆ ಕಳಿಸಿದರು, ಉಳಿದಿಬ್ಬರು ನೆಂಟರ ಊರಿಗೆ ಜಾರಿದರು, ಪೊಲೀಸರು ಇಮಾಮಬೀಯನ್ನು ಮತ್ತೆ ಕರೆಸಿ ಈ ಸಲ ಕುರ್ಚಿ ಹಾಕಿ ಕೇಳಿದರು. ನಳದ ಹತ್ತಿರ ಮೈಲಾರಲಿಂಗನ ಹೆಂಡತಿ ಕೊಡ ಇಟ್ಟರೆ ಉಳಿದ ಹೆಂಗಸರು ತಮ್ಮ ಕೊಡ ಹಿಂದಕ್ಕೆಳೆದರು. ಆಕೆ ಖಾಲಿ ಕೊಡ ಎತ್ತಿಕೊಂಡು ಹೋದದ್ದನ್ನು ಸುಲಭಾ ಕಂಡಳು. ಆ ಹೆಂಗಸು ಅವಳು ತಿದ್ದಿದ ಫೋಟೋದಲ್ಲಿ ಇರಲಿಲ್ಲ.

ಇನ್ನೂ ಒಂದು ಅವಳ ಕಣ್ಣು ತಪ್ಪಿತ್ತು. ಶಾಲಿನ ಜರಿಯಂಚೂ ಬೆರಳುಗಳೂ ನೆಗೆಟಿವಿನಲ್ಲಿ ಒಂದೇ ಕಪ್ಪು. ಶಾಲಿನ ನೆರಿಗೆಯೆಂದು ಬಿಟ್ಟದ್ದು ಅಚ್ಚಿನಲ್ಲಿ ನಾಲ್ಕು ಬಿಳಿ ಬೆರಳಾಗಿ ಮೈಲಾರಲಿಂಗನ ಹೆಗಲ ಮೇಲೆ ಕೂತಿತ್ತು. ಹಿಂದೆ ಮಾತ್ರ ಯಾರೂ ಇಲ್ಲ.

ಈ ಬೆರಳು ಯಾರವು ಎಂದು ಮೊದಲು ಯಾರು ಕೇಳಿದರೋ. ವಾರದೊಳಗೆ ಊರಿಗೆ ಬೇರೆ ಮಾತೇ ಇರಲಿಲ್ಲ. ಕೇಳಹೋದವರಿಗೆ ಬಾಳಾಸಾಹೇಬರು ಗಿರಾಕಿಯ ಮಾತು ಹೊರಗೆ ಹಾಕುವುದಿಲ್ಲ ಎಂದರು, ಮೈಲಾರಲಿಂಗ ಆ ಫೋಟೋ ತನ್ನದೇ ಅಲ್ಲ ಎನ್ನುತ್ತಿದ್ದ. ದೊಡ್ಡವನಿರಬೇಕು, ಅದಕ್ಕೇ ಮುಚ್ಚಿದ್ದಾರೆ ಎಂದರು. ಪ್ರತಿ ಓಣಿಯೂ ತನಗಾಗದವನ ಕೈಯನ್ನು ಆ ಬೆರಳಿಗೆ ಜೋಡಿಸಿ ನೋಡಿತು. ಕಡೆಗೆ ಎಲ್ಲರ ಬೊಟ್ಟು ಸ್ಟೇಶನ್ನಿನ ಚಹಾದಂಗಡಿಯ ಗುರುಪುತ್ರಪ್ಪನ ಮೇಲೆ ನಿಂತಿತು. ಅಂಗಡಿಯ ಮುಂದಿನ ಜಾಗಕ್ಕಾಗಿ ಅವನು ಹಿಂದೊಮ್ಮೆ ಬೇಕರಿಯವನೊಡನೆ ಜಗಳ ಕಾದಿದ್ದ; ಅಷ್ಟು ಸಾಕಾಯಿತು. ಅವನ ಚಹಾ ಕುಡಿಯುವುದನ್ನು ಬಿಟ್ಟರು. ಯಾರೋ ಅಂಗಡಿಗೆ ಕಲ್ಲು ತೂರಿ ಕಪಾಟಿನ ಗಾಜು ಒಡೆದರು.

ಸುಲಭಾಳಿಗೆ ಅಜ್ಜಿಯ ಕತೆಯೊಂದು ನೆನಪಾಯಿತು. ಹುಡುಗಿಯೊಬ್ಬಳು ಪಂಚಮಿಗೆ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಏಳು ಮಂದಿ ಅಕ್ಕತಂಗಿಯರನ್ನು ಬರೆದಳಂತೆ. ಒಬ್ಬಳ ಮೇಲೆ ಅಕ್ಕರೆ ಹೆಚ್ಚಾಗಿ, ದೃಷ್ಟಿಯಾದೀತೆಂದು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟಳಂತೆ. ಒರೆಸಿದವಳು ಸಾಯಲಿಲ್ಲ. ಅವಳಿಗೆ ನಿಲ್ಲಲು ಗೋಡೆ ಇರಲಿಲ್ಲ, ಅಷ್ಟೇ. ಮನೆ ಮನೆಗೆ ಹೋಗಿ, ನನಗೊಂದು ಮಾರಿ ಕೊಡ್ರಿ, ಕುಂದರಾಕ ಜಾಗಾ ಕೊಡ್ರಿ ಎಂದು ಬೇಡಿದಳು. ಹೆದರಿದ ಜನ ತಮಗೆ ಬೇಡಾದವರ ಮಾರಿಯನ್ನು ತೋರಿಸಿ ಕಳಿಸಿದರು. ಕಡೆಗೆ ಏನಾಯಿತು ಎಂಬುದನ್ನು ಅಜ್ಜಿ ಒಂದೊಂದು ಸಲ ಒಂದೊಂದು ರೀತಿ ಹೇಳುತ್ತಿದ್ದಳು, ಇಲ್ಲವೇ ಹೇಳುವ ಮೊದಲೇ ನಿದ್ದೆ ಹೋಗುತ್ತಿದ್ದಳು.

ಸುಲಭಾ ಮೆಟ್ಟಿಲಿಳಿದು ಈರಯ್ಯನ ಅಂಗಡಿಗೆ ಹೋದಳು. ಹೇಳಬೇಕಾಗಲಿಲ್ಲ. ಪತ್ರಿಕೆ ಅವನ ಎದುರಿಗೇ ಇತ್ತು. ಅವನ ಉಗುರು ಅವನಿಗೆ ಗೊತ್ತಿರದೆ ಇರುತ್ತದೆಯೇ. ನಿಮ್ಮನ್ನು ಉಳಿಸಬೇಕಂತ ಮಾಡಿದೆ ಎಂದಳು.

"ಅಳಿಸೂಕಿಂತ ಮೊದಲ ನನ್ನ ಕೇಳಬೇಕಿತ್ತರೀ," ಎಂದ ಈರಯ್ಯ. ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಇದ್ದಂಗ ಇದ್ದಿದ್ರ, ಕರದ್ರು, ನಿಂತೆ ಅಂತಿದ್ದೆ. ಬಾಳಾಸಾಹೇಬರ ಚಟ ಊರಿಗೆಲ್ಲ ಗೊತ್ತದ, ನಂಬತಿದ್ರು. ಈಗ ನಾನ ಅಂದ್ರ, ಏನೂ ಇಲ್ಲದಿದ್ರ ಯಾಕ ಅಳಿಸಿದ್ರು ಅಂತಾರ. ಕಳ್ಳ ಅಲ್ಲದವನ್ನ ಕಳ್ಳನ ಮಾಡಿದ್ರಿ ನೋಡ್ರಿ."

ಹಾಗಾದರೆ ಊರಿಗೆ ಹೇಳಲೇ, ಬಿಡಲೇ ಎಂದು ಕೇಳಿದಳು. ಅವನು ಗಾಜನ್ನು ಒರೆಸುತ್ತಲೇ ಇದ್ದ, ಒರೆಸಲು ಏನೂ ಉಳಿದಿರಲಿಲ್ಲ. ಕೆಲವೇ ದಿನದಲ್ಲಿ ಅಂಗಡಿಗೆ ಬೀಗ ಬಿತ್ತು. ಬೆಳಗಾವಿ ಹೊರಗಿನ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದನೆಂದು ಚಹಾದ ಹುಡುಗ ಹೇಳಿದ, ಯಾವ ಕಾರ್ಖಾನೆಯೆಂದು ಅವನಿಗೂ ಗೊತ್ತಿರಲಿಲ್ಲ. ಈರಯ್ಯ ಹೇಳೆನ್ನಲಿಲ್ಲ, ಬೇಡವೆನ್ನಲಿಲ್ಲ, ಮಾತನ್ನು ಅವಳ ಹತ್ತಿರವೇ ಬಿಟ್ಟು ಹೋದ.

ಅದನ್ನು ಕೇಳಿದ ಮರುದಿನ ಮುಂಜಾನೆಯ ಗಾಡಿಗೆ ಮಂದಿ ತುಂಬಿದ್ದಾಗ ಸುಲಭಾ ನೇರ ಗುರುಪುತ್ರಪ್ಪನ ಅಂಗಡಿಗೆ ಹೋಗಿ ಚಹಾ ಕೇಳಿದಳು. ಅವನು ಅವಳ ಮುಂದೆ ಎರಡೂ ಅಂಗೈ ಚಾಚಿದ.

"ಎಣಸವಾ ತಂಗಿ. ಹತ್ತೂ ಅದಾವು. ಒಂದೂ ಯಾರ ಹೆಗಲ ಮ್ಯಾಲ ಮರತು ಬಂದಿಲ್ಲ."

ನಗು ಎದ್ದಿತು, ಒಳ್ಳೆಯ ನಗುವಲ್ಲ. ಸುಲಭಾ ಜನ್ಮದಲ್ಲಿ ಐದು ಮಂದಿಯ ಮುಂದೆ ದನಿ ತೆಗೆದವಳಲ್ಲ. ಗ್ಲಾಸು ಹಿಡಿದೇ ತಿರುಗಿದಳು.

"ಆ ಬೆರಳು ಇವರವಲ್ಲ. ಅಲ್ಲಿ ನಿಂತವನ್ನ ನಾನ ಕೆರದು ಅಳಿಸೇನಿ. ಅವ ಪಕ್ಷದವನೂ ಅಲ್ಲ. ಮೂರು ಆಗಬಾರದಂತ ಕರದು ನಿಲ್ಲಿಸಿದವ."

ಹೆಸರು ಹೇಳೆಂದರು. ಅದನ್ನು ಅವನನ್ನು ಕೇಳದೆ ಹೇಳಲಾರೆ ಎಂದಳು. ಬೆಂಚಿನ ಮೇಲಿದ್ದ ಮುದುಕನೊಬ್ಬ ಬೀಡಿ ಬಾಯಿಂದ ತೆಗೆದು, "ಆ ಮೂವರ ಹೆಸರು ಹೇಳೂಮುಂದ ಅವರನ್ನ ಕೇಳಿದ್ದೇನವಾ?" ಎಂದ.

ಅದಕ್ಕೆ ಉತ್ತರ ಅವಳಲ್ಲಿತ್ತು: ಅವರು ಸುಟ್ಟರು, ಇವನು ಸುಡಲಿಲ್ಲ. ಆದರೆ ಹೇಳುವಷ್ಟರಲ್ಲಿ ಗಾಡಿ ಬಂತು, ಜನ ಹತ್ತಿಕೊಂಡರು. ಬೆಳಗಾವಿ ಮುಟ್ಟುವ ಹೊತ್ತಿಗೆ ಗುರುಪುತ್ರಪ್ಪನ ಹೆಸರು ಡಬ್ಬಿಯಿಂದ ಇಳಿದಿತ್ತು, ಅವಳದು ಹತ್ತಿ ಕೂತಿತ್ತು. ಯಾರೋ ಅವಳವನಿರಬೇಕು, ಅದಕ್ಕೇ. ಅಥವಾ ಅವಳೂ ಆ ಪಕ್ಷದವಳೇ ಎಂದರು.

ಸುದ್ದಿ ಅವಳಿಗಿಂತ ಮೊದಲೇ ಸ್ಟುಡಿಯೋ ಮುಟ್ಟಿತ್ತು. ಬಾಳಾಸಾಹೇಬರು ಬೈಯಲಿಲ್ಲ. ಅವಳ ಪೆನ್ಸಿಲಿನ ಡಬ್ಬಿಯನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. "ನಾ ನಾಕು ಮಾಡಿದ್ದನ್ನ ನೀ ಮೂರು ಮಾಡಿದಿ," ಎಂದರು, ಅವರಿಗೆ ತಿಳಿದ ದೊಡ್ಡ ಪಾಪ ಅದೇ ಇತ್ತು.

ಅಂದು ಹಗಲು ಗಾಡಿಗೇ ಮರಳಿದಳು. ಬೀಗದ ಸಪ್ಪಳಕ್ಕೆ ಇಮಾಮಬೀ ಗೋಡೆಯ ಹತ್ತಿರ ಬಂದಳು, ಕೈಯಲ್ಲಿ ತಾಟು ಇರಲಿಲ್ಲ. ಆ ಬೆರಳು ಯಾರವೆಂದು ತನಗೊಬ್ಬಳಿಗೆ ಹೇಳು ಎಂದಳು.

"ಯಾರ ಮುಂದೂ ಬಾಯಿ ಬಿಡೂದಿಲ್ಲ ಬೇಟಿ. ಅಂವ ಎದುರಿಗೆ ಬಂದ್ರ ಗೊತ್ತಾಗಬೇಕು, ಅಷ್ಟ. ಈಗ ಎಲ್ಲಾರ ಕೈನೂ ನೋಡಕೋತ ತಿರಗತೇನಿ. ಹಾಲಿನವನ ಕೈ, ಡಾಕ್ಟರ್ ಕೈ."

"ಅಂವ ಬೆಂಕಿ ಹಚ್ಚಿದವ ಅಲ್ಲ, ಚಾಚಿ."

"ನೀ ಅಂತಿ," ಎಂದಳು ಇಮಾಮಬೀ. ಸುಲಭಾಳ ನಾಲಗೆಯ ತುದಿಗೆ ಹೆಸರು ಬಂದಿತ್ತು. ಒಮ್ಮೆ ಕೇಳದೆ ಮಾಡಿದ್ದನ್ನು ಎರಡನೇ ಸಲ ಮಾಡಲಾರದೆ ನುಂಗಿದಳು. ಗೋಡೆಯಾಚೆ ಬಾಗಿಲು ಸಾವಕಾಶ ಮುಚ್ಚಿಕೊಂಡಿತು. ಅಂದಿನಿಂದ ತಾಟು ಬರಲಿಲ್ಲ.

ಈಗ ಅವಳಿಗೆ ಗಾಡಿ ಹಿಡಿಯುವ ಕೆಲಸವಿಲ್ಲ. ಆದರೂ ಬೆಳಗಾವಿಯ ಗಾಡಿ ಬರುವ ಹೊತ್ತಿಗೆ ಸ್ಟೇಶನ್ನಿಗೆ ಬರುತ್ತಾಳೆ. ಎಂದಾದರೂ ಒಂದು ದಿನ ಈರಯ್ಯ ಇಳಿದು ಬಂದು, ಹೇಳ್ರಿ ಎನ್ನಲಿ, ಬ್ಯಾಡ ಎನ್ನಲಿ, ಯಾವುದಾದರೊಂದು ಅಂದಾನೆಂದು. ಗುರುಪುತ್ರಪ್ಪ ಚಹಾ ಕೊಡುತ್ತಾನೆ. ದುಡ್ಡು ಬೇಡವೆನ್ನುತ್ತಾನೆ, ಮಾತು ಮಾತ್ರ ಆಡುವುದಿಲ್ಲ. ಅವನ ಗಿರಾಕಿಗಳು ಈಗಷ್ಟೇ ಮರಳಿದ್ದಾರೆ. ಅವಳು ಕೂತ ಬೆಂಚಿನ ಮೇಲೆ ಯಾರೂ ಕೂಡುವುದಿಲ್ಲ.

ಗಾಡಿ ಬರುತ್ತದೆ, ಇಳಿಯುವವರು ಇಳಿಯುತ್ತಾರೆ, ಅವಳು ಎಲ್ಲರ ಕೈ ನೋಡುತ್ತಾಳೆ. ಗಾಡಿ ಲೋಂಡಾದ ಕಡೆ ಸರಿದು ಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಬಿಸಿಲು, ಅವಳು, ಬೆಂಚಿನ ಉಳಿದ ಭಾಗ. ಆಗ ಅವಳು ಸೆರಗು ಎಳೆದುಕೊಂಡು ತುಸು ಈಚೆ ಸರಿಯುತ್ತಾಳೆ, ಇನ್ನೊಬ್ಬರು ಕೂಡುವಷ್ಟು.