ಮೇಲಿನಿಂದ ಎರಡನೇ ಗುಂಡಿ

ಪಿಂಚಣಿ ಕಚೇರಿಯಿಂದ ಬಂದ ಪತ್ರದ ಎರಡನೇ ಪುಟದಲ್ಲಿ ರತ್ನಾವತಿಗೆ ತನ್ನದೇ ಕೈಕೆಲಸ ಕಾಣಿಸಿತು. ‘ಅರ್ಜಿದಾರರು ವೈದ್ಯರ ಪರೀಕ್ಷೆಗೆ ಅಚ್ಚುಕಟ್ಟಾಗಿ ಬಟ್ಟೆ ತೊಟ್ಟು ಬಂದಿದ್ದರು. ಅಂಗಿಯ ಗುಂಡಿಗಳೆಲ್ಲ ಹಾಕಿದ್ದವು, ಬೂಟಿನ ಲೇಸು ಕಟ್ಟಿತ್ತು. ತೊಂದರೆಯೇನೂ ಇಲ್ಲವೆಂದು ತಾವೇ ಹೇಳಿದರು. ಇನ್ನೊಬ್ಬರ ಸಹಾಯದ ಅಗತ್ಯ ಕಾಣುವುದಿಲ್ಲ.’ ಗಂಡನ ಅಂಗವೈಕಲ್ಯದ ಪಿಂಚಣಿ ಇನ್ನು ಏರುವುದಿಲ್ಲ ಎಂದಾಯಿತು.

“ತೊಂದರೆ ಇಲ್ಲ ಅಂತ ಹೇಳಿದ್ರಾ? ಎಂತ ಮಾರಾಯ್ರೆ ನೀವು!”

“ಹೆಂಡತಿ ಬಟ್ಟೆ ಹಾಕಿಸ್ತಾಳೆ ಅಂತ ಹೇಳುದಾ ಮತ್ತೆ? ಅದೂ ಗುರ್ತಪರಿಚಯ ಇಲ್ಲದವರ ಹತ್ರ?” ಎಂದ ರಾಮನಾಥ.

ಅವನೊಬ್ಬನನ್ನೇ ಬೈದು ಏನು ಪ್ರಯೋಜನ? ದೊಡ್ಡ ಡಾಕ್ಟರ ಮುಂದೆ ಹೋಗುವವನೆಂದು ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದವಳು ಯಾರು? ಗಡ್ಡ ಕೆರೆದು, ತಲೆ ಬಾಚಿ, ಮದುಮಗನ ಹಾಗೆ ಸಿಂಗರಿಸಿ ಕಳಿಸಿದ್ದಳು, ಪುಣ್ಯಾತ್ಗಿತ್ತಿ.

ಉಡುಪಿಯಿಂದ ಓದಲು ಬಂದ ರಾಮನಾಥನಿಗೆ ಗ್ರೀನ್ ಕಾರ್ಡು ಸಿಕ್ಕ ವರ್ಷವೇ ಕಡ್ಡಾಯ ಸೈನ್ಯಸೇವೆಯ ಕರೆಯೂ ಬಂತು. ವಿಯೆಟ್ನಾಮಿನಲ್ಲಿ ಟ್ರಕ್ಕು ಮಗುಚಿ ಎರಡೂ ಕೈಯ ನರಗಳು ಹೋದವು. ಹದಿನೇಳು ವರ್ಷ ಕಳೆದು ಈಗ ಬಲಗೈ ಪೂರ್ತಿ ಸತ್ತಿದೆ. ಎಡಗೈಯಲ್ಲಿ ಎರಡೇ ಬೆರಳು ಹೇಳಿದ ಮಾತು ಕೇಳುತ್ತವೆ. ರತ್ನಾವತಿ ಹಗಲು ಡೇಕೇರಿನಲ್ಲಿ ದುಡಿದು, ಸಂಜೆ ಆಸ್ಪತ್ರೆಯ ನೆಲ ಒರೆಸಿ ಓಕ್ಲ್ಯಾಂಡಿನ ತಮ್ಮ ಅಪಾರ್ಟ್‌ಮೆಂಟಿಗೆ ಮರಳುವವರೆಗೆ ಅವನು ಒಂದು ಲೋಟ ನೀರು ಕೂಡ ಕುಡಿಯದೆ ಕೂತಿರುತ್ತಿದ್ದ. ಪಿಂಚಣಿ ಏರಿದರೆ ಸಂಜೆಯ ಕೆಲಸ ಬಿಡಬೇಕೆಂಬುದೊಂದೇ ಅವಳ ಆಸೆ.

ಮೇಲ್ಮನವಿ ಹಾಕಿದಳು. ಏಳು ತಿಂಗಳ ಮೇಲೆ ಮರುಪರೀಕ್ಷೆಗೆ ಕರೆ ಬಂತು. ಇದೇ ಕೊನೆಯದು, ಒಳಗೆ ಅವನೊಬ್ಬನೇ ಬರಬೇಕು ಎಂದು ಕಚೇರಿಯವರು ಖಂಡಿತವಾಗಿ ಹೇಳಿದ್ದರು.

“ಈ ಸರ್ತಿ ನಾನು ಮುಟ್ಟುದಿಲ್ಲ. ಗುಂಡಿ ಬಿಟ್ಟೇ ಇರ್ಲಿ, ಲೇಸು ಎಳ್ಕೊಂಡೇ ಹೋಗಿ. ಅವರು ಕಣ್ಣಾರೆ ನೋಡ್ಲಿ” ಎಂದು ಹಿಂದಿನ ದಿನವೇ ಹತ್ತು ಸಲ ಹೇಳಿಟ್ಟಳು. ಅವನು ಹೂಂ ಎಂದಿದ್ದ.

ಬೆಳಿಗ್ಗೆ ಏಳೂವರೆಗೆ ರಾಮನಾಥ ಬಾತ್‌ರೂಮಿನಿಂದ ಹೊರಗೆ ಬಂದ. ಅಂಗಿಯ ಗುಂಡಿಗಳನ್ನು ಹಾಕಿಕೊಂಡಿದ್ದ. ಎರಡನೆಯದು ಮೂರನೆಯದರ ಕಾಜಕ್ಕೆ ಹೋಗಿ, ಅಲ್ಲಿಂದ ಕೆಳಗೆ ಎಲ್ಲವೂ ತಪ್ಪಿದ್ದವು. ಹಲ್ಲಿನಲ್ಲಿ ಎಳೆದೆಳೆದು ತುಟಿ ಒಡೆದು ರಕ್ತ ಬಂದಿತ್ತು.

“ನೋಡು, ನಾನೇ ಹಾಕಿದ್ದು. ಐದು ಗಂಟೆಗೆ ಎದ್ದೆ.”

ಅವನ ಮುಖದಲ್ಲಿ ಅಂಥ ಸಂತೋಷ ನೋಡಿ ಅದೆಷ್ಟು ವರ್ಷವಾಗಿತ್ತೋ. ಆದರೆ ಡಾಕ್ಟರು ಕೇಳಿದರೆ, ತಾನೇ ಹಾಕಿಕೊಂಡದ್ದೆಂದು ಇವನು ಹೇಳಿಯೇ ಹೇಳುತ್ತಾನೆ. ಈ ಸಲ ಅದು ಸುಳ್ಳೂ ಅಲ್ಲ.

“ಬಿಚ್ಚಿ ಅದನ್ನು.”

“ಬೇಡ ಮಾರಾಯ್ತಿ.” ಅವನು ಎಡಗೈಯನ್ನು ಎದೆಗೆ ಅಡ್ಡ ಹಿಡಿದ. “ನಾಲ್ಕು ಜನರ ಎದುರು ಹಾಗೆ ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಬಸ್ಸಿಗೆ ಹತ್ತು ನಿಮಿಷವಿತ್ತು. ಕಾಲರಿನ ಒಂದು ತುದಿ ಕಿವಿಯ ಹತ್ತಿರ ಎದ್ದು ನಿಂತಿತ್ತು. ಹೀಗೆಯೇ ಹೋದರೆ ಬಸ್ಸಿನವರೆಲ್ಲ ನೋಡಿ ನಗುತ್ತಾರೆ.

ರತ್ನಾವತಿ ಅವನ ಕೈಯನ್ನು ಮೆಲ್ಲಗೆ ಸರಿಸಿದಳು. ಮೇಲಿನಿಂದ ಎರಡನೇ ಗುಂಡಿ ಬಿಚ್ಚಿ, ಅದರ ಕಾಜಕ್ಕೆ ಅದನ್ನು ಹಾಕಿದಳು. ಆಮೇಲೆ ಮೂರನೆಯದು, ನಾಲ್ಕನೆಯದು. ತುಟಿಯ ರಕ್ತವನ್ನು ಸೆರಗಿನಲ್ಲಿ ಒರೆಸಿದಳು. ಕೆಳಗೆ ಕೂತು, ಬೂಟಿನ ಲೇಸು ದಾರಿಯಲ್ಲಿ ಬಿಚ್ಚಿಹೋಗದಿರಲೆಂದು ಎರಡೆರಡು ಗಂಟು ಹಾಕಿದಳು.