ನಾಲ್ಕನೇ ಚೀಲದ ಹಾರ್ಪ್ಸಿಕಾರ್ಡ್

ಹೆತ್ತವರು ಇಟ್ಟ ಹೆಸರು ಆಕೆಯ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ರೇಡಿಯೊ ಕೇಂದ್ರದ ಬಾಗಿಲು ಕಾಯುವವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಆಕೆ ಕಿವಿಯಮ್ಮ. ‘ಥೂ, ಇದೆಂಥ ಹೆಸರು’ ಎಂದು ಎದುರಿಗೆ ಸಿಡುಕುತ್ತಿದ್ದಳು, ಒಳಗೊಳಗೇ ಹಿಗ್ಗುತ್ತಿದ್ದಳು. ಹಿಗ್ಗದೆ ಇನ್ನೇನು? ಇಪ್ಪತ್ತೆರಡು ವರ್ಷದಿಂದ ಅವಳ ಅನ್ನ ಹುಟ್ಟುತ್ತಿದ್ದುದೇ ಆ ಕಿವಿಗಳಿಂದ.

ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಅವಳ ಕಾರ್ಯಕ್ರಮ, ಮುಕ್ಕಾಲು ಗಂಟೆಯದು. ಬರೋಕ್ ಕಾಲದ, ಎಂದರೆ ಮುನ್ನೂರು ವರ್ಷ ಹಿಂದಿನ, ಒಂದು ಪಿಟೀಲು ಕನ್ಸರ್ಟೊ, ಎಂದರೆ ಒಂಟಿ ಪಿಟೀಲು ಮುಂದೆ, ಉಳಿದ ವಾದ್ಯಗಳ ತಂಡ ಹಿಂದೆ. ಅದೊಂದನ್ನೇ ಐದು ತಂಡಗಳು ನುಡಿಸಿದ ಐದು ಧ್ವನಿಮುದ್ರಣ. ಇವನ ಕಮಾನಿಗೆ ರೈಲು ಹಿಡಿಯುವ ಅವಸರ, ಅವಳ ನಿಧಾನದ ಭಾಗ ಕೇಳಿದರೆ ಆಕಳಿಕೆ, ಇನ್ನೊಬ್ಬನಿಗೆ ಎಲ್ಲ ಇದೆ, ಉಸಿರೊಂದಿಲ್ಲ ಎಂದು ಒಬ್ಬೊಬ್ಬರನ್ನೇ ಜಾಲಿಸಿ ಕೊನೆಗೆ ಒಂದನ್ನು ಎತ್ತಿಹಿಡಿಯುತ್ತಿದ್ದಳು. ಅವಳು ಎತ್ತಿಹಿಡಿದದ್ದು ಸೋಮವಾರ ಅಂಗಡಿಯಲ್ಲಿ ಖಾಲಿಯಾಗುತ್ತಿತ್ತು.

ಇದಕ್ಕೆ ಅವಳದೊಂದು ಕಟ್ಟುನಿಟ್ಟಿನ ಕ್ರಮವಿತ್ತು. ನುಡಿಸಿದವರು ಯಾರೆಂದು ತಿಳಿಯದೆ ಕೇಳಬೇಕು. ದೊಡ್ಡ ಹೆಸರು ಕಣ್ಣಿಗೆ ಬಿದ್ದರೆ ಕಿವಿ ತಾನಾಗಿ ಕೈಮುಗಿದು ನಿಲ್ಲುತ್ತದೆ ಎನ್ನುವುದು ಅವಳ ಮಾತು. ಆ ಕೆಲಸಕ್ಕೆ ಅವಳ ನಾದಿನಿ ಇದ್ದಳು. ಅಣ್ಣ ತೀರಿಕೊಂಡು ಒಂಬತ್ತು ವರ್ಷವಾದರೂ ಅತ್ತಿಗೆಯನ್ನು ಬಿಟ್ಟು ಹೋಗದೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು, ಬೀದಿಯವರ ಪ್ಯಾಂಟಿನ ಉದ್ದ ಇಳಿಸುತ್ತ ಸೊಂಟ ಹಿಗ್ಗಿಸುತ್ತ ಇದ್ದವಳು. ಚೂರು ಬಟ್ಟೆಗಳಲ್ಲಿ ಐದು ಚೀಲ ಹೊಲಿದು, ಒಂದರಿಂದ ಐದರವರೆಗೆ ನಂಬರು ಹಚ್ಚಿ, ಒಂದೊಂದರಲ್ಲೂ ಒಂದೊಂದು ಡಿಸ್ಕು ಹಾಕಿಡುತ್ತಿದ್ದಳು. ಅವುಗಳ ಜೊತೆ ಬರುವ ಪುಸ್ತಿಕೆಗಳು ಗುಂಡಿ ತುಂಬುವ ತಗಡಿನ ಡಬ್ಬಿಯಲ್ಲಿ. ಬರೆದು ಮುಗಿಯುವವರೆಗೆ ಆ ಡಬ್ಬಿಯನ್ನು ಕಿವಿಯಮ್ಮ ಮುಟ್ಟುವಂತಿಲ್ಲ.

“ನನಗಂತೂ ಐದೂ ಒಂದೇ ಥರ ಕೇಳಿಸ್ತವೆ,” ಎನ್ನುತ್ತಿದ್ದಳು ನಾದಿನಿ. “ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತಾರಲ್ಲ, ಆ ಕೋಣ ನಾನೇ. ಅದಕ್ಕೇ ನಿಮಗೆ ನಾನು ಬೇಕು.”

ಭಯ ಶುರುವಾದದ್ದು ಬಟ್ಟೆ ಒಗೆಯುವ ಯಂತ್ರದಿಂದ.

“ಅತ್ತಿಗೆ, ಮಷಿನ್ನು ಆಗಲೇ ಮೂರು ಸಲ ಕೂಗಿತು. ಕೇಳಿಸ್ಲಿಲ್ವಾ?”

“ಏನೋ ಯೋಚನೇಲಿದ್ದೆ.”

“ನಿನ್ನೇನೂ ಯೋಚನೇಲಿದ್ರಿ.”

ಅಷ್ಟೇ ಮಾತು. ಆದರೆ ಕಿವಿಯಮ್ಮ ಅವತ್ತಿಡೀ ಅದನ್ನೇ ಮೆಲುಕು ಹಾಕಿದಳು. ಅವಳಿಗೆ ಅರವತ್ತೆರಡು ದಾಟಿತ್ತು. ಅವಳ ಅವ್ವನಿಗೆ ಅರವತ್ತಕ್ಕೇ ಕಿವಿ ಮಂದವಾಗಿ, ಆಮೇಲಿನ ಹನ್ನೊಂದು ವರ್ಷ ಯಾರು ಏನು ಹೇಳಿದರೂ ನಗುತ್ತ ತಲೆಯಾಡಿಸುತ್ತಿದ್ದಳು. ಸಾವಿನ ಸುದ್ದಿ ಹೇಳಿದಾಗಲೂ ಒಮ್ಮೆ ಹಾಗೇ ನಕ್ಕಿದ್ದಳು. ಆ ನಗು ಮಗಳಿಗೆ ಮರೆತಿರಲಿಲ್ಲ. ಮೊದಲು ಹೋಗುವುದು ಮೇಲಿನ ಸಣ್ಣ ಸದ್ದುಗಳು ಎಂದೂ ಅವಳಿಗೆ ಗೊತ್ತಿತ್ತು. ಯಂತ್ರದ ಕೂಗು, ಹಕ್ಕಿಯ ದನಿ, ಆಮೇಲೆ ಹಾರ್ಪ್ಸಿಕಾರ್ಡ್.

ಈ ಹಾರ್ಪ್ಸಿಕಾರ್ಡ್ ಎನ್ನುವುದು ಪಿಯಾನೊದ ಮುತ್ತಜ್ಜಿ. ಹಾರ್ಮೋನಿಯಂನಲ್ಲಿರುವಂಥ ಕೀಲಿ ಒತ್ತಿದರೆ ಒಳಗೊಂದು ಕಡ್ಡಿ ತಂತಿಯನ್ನು ಮೀಟುತ್ತದೆ. ಪಿಟೀಲುಗಳ ಹಿಂದೆ ಅದರ ಸದ್ದು ಪಕ್ಕದ ಕೋಣೆಯಲ್ಲಿ ಯಾರೋ ಬೀಗದ ಕೈ ಗೊಂಚಲು ಅಲ್ಲಾಡಿಸಿದಷ್ಟು. ಬರೋಕ್ ಕನ್ಸರ್ಟೊ ಎಂದ ಮೇಲೆ ಅದು ಇರುತ್ತದೆ. ಇದ್ದೇ ಇರುತ್ತದೆ.

ಆ ವಾರದ ಐದು ಚೀಲಗಳಲ್ಲಿ ನಾಲ್ಕು ಅವಳ ಹಳೆಯ ನೆಂಟರು. ಹೆಸರು ಮುಚ್ಚಿದರೇನು, ಮೊದಲ ಕಮಾನು ತಾಗುತ್ತಲೇ ಯಾರೆಂದು ತಿಳಿಯುತ್ತಿತ್ತು. ನಾಲ್ಕನೇ ಚೀಲದ್ದು ಮಾತ್ರ ಹೊಸದು, ಅದೇ ತಿಂಗಳು ಬಂದದ್ದು. ಹಾಕಿದಳು. ಪಿಟೀಲು ಹೊರಟ ರೀತಿಗೆ ಅವಳು ಕುರ್ಚಿಯಿಂದ ಅರ್ಧ ಎದ್ದಳು. ಇದೇ ಗೆಲ್ಲುವುದು, ಅನುಮಾನವಿಲ್ಲ. ನುಡಿಸುತ್ತಿದ್ದವಳೋ ನುಡಿಸುತ್ತಿದ್ದವನೋ, ಮಾತಾಡುತ್ತ ಮಾತಾಡುತ್ತ ಉಸಿರೆಳೆದುಕೊಳ್ಳುವ ಹಾಗೆ ನುಡಿಸುತ್ತಿತ್ತು ಆ ಜೀವ. ಹಿಂದೆ ದಪ್ಪ ಪಿಟೀಲುಗಳು, ಮಡಿಲಲ್ಲಿಟ್ಟು ಮೀಟುವ ಲೂಟ್ ವಾದ್ಯವೊಂದರ ಗುಂಯ್. ಮತ್ತೆ ಹಾರ್ಪ್ಸಿಕಾರ್ಡ್?

ಕೇಳಿಸಲಿಲ್ಲ.

ಸದ್ದು ಹೆಚ್ಚಿಸಿದಳು. ಕಿಟಕಿ ಮುಚ್ಚಿದಳು. ಕಿವಿಗೆ ಹೆಡ್‌ಫೋನ್ ಹಾಕಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ಹಾಕಿಕೊಂಡಳು. ಇಲ್ಲ. ಒಂದನೇ ಚೀಲದ್ದನ್ನು ಹಾಕಿದರೆ ಅದರಲ್ಲಿ ಬೀಗದ ಕೈಗಳು ಸ್ವಚ್ಛವಾಗಿ ಝಲ್ಲೆಂದವು. ಒಂದು ಕ್ಷಣ ಸಮಾಧಾನವಾಯಿತು, ಮರುಕ್ಷಣ ಅದೂ ಹೋಯಿತು. ಮೂವತ್ತು ವರ್ಷದಿಂದ ಕೇಳಿದ್ದು ಅದು. ಕೇಳಿಸುತ್ತಿರುವುದು ಕಿವಿಗೋ, ನೆನಪಿಗೋ? ಗುರುತಿನ ನಾಲ್ಕರಲ್ಲೂ ಕೇಳಿಸಿ, ಗುರುತಿಲ್ಲದ ಒಂದರಲ್ಲಿ ಮಾತ್ರ ಕೇಳಿಸದಿದ್ದರೆ ಅದರ ಅರ್ಥವೇನು? ಇಂಥ ಪೇಚು ಬೇರೆ ಯಾವ ಕಸುಬಿನವರಿಗೂ ಬರಲಾರದು.

ಮರುದಿನ ಮಧ್ಯಾಹ್ನ ನಾದಿನಿ ಹೊಲಿದ ಬಟ್ಟೆ ಕೊಡಲು ಹೋದಾಗ ಕಿವಿಯಮ್ಮ ಇಪ್ಪತ್ತೆರಡು ವರ್ಷದಲ್ಲಿ ಮಾಡದ ಕೆಲಸ ಮಾಡಿದಳು. ಗುಂಡಿ ಡಬ್ಬಿಯ ಮುಚ್ಚಳ ತೆಗೆದಳು. ಸ್ವಂತ ಮನೆಯಲ್ಲಿ ಕಳ್ಳಿಯ ಹಾಗೆ ನಿಂತು ನಾಲ್ಕನೇ ಪುಸ್ತಿಕೆ ಬಿಡಿಸಿದಳು. ತಂಡದ ಪಟ್ಟಿಯ ಕೊನೆಯಲ್ಲಿ ಹಾರ್ಪ್ಸಿಕಾರ್ಡ್ ಎಂದು ಅಚ್ಚಾಗಿತ್ತು, ಮುಂದೆ ಒಬ್ಬರ ಹೆಸರು, ಪಕ್ಕದಲ್ಲಿ ಫೋಟೊ. ಬೋಳು ತಲೆಯ ಗಡ್ಡದ ಮನುಷ್ಯ ವಾದ್ಯದ ಮೇಲೆ ಕೈಯಿಟ್ಟು ನಗುತ್ತಿದ್ದ.

ಕಿವಿಯಮ್ಮ ಅಲ್ಲೇ ಹೊಲಿಗೆಯ ಸ್ಟೂಲಿನ ಮೇಲೆ ಕುಸಿದು ಕೂತಳು. ಅಳು ಬಂತು, ಅತ್ತಳು. ಗಂಡ ಹೋದಾಗಲೂ ಅವಳು ಇಷ್ಟು ಒಂಟಿಯಾಗಿ ಅತ್ತಿರಲಿಲ್ಲ. ಆಗ ಹಾಡು ಇತ್ತು.

ಈಗ ಬರೆಯುವುದೇನು? ‘ಹಾರ್ಪ್ಸಿಕಾರ್ಡ್ ಇಲ್ಲ’ ಎಂದರೆ ಊರೆಲ್ಲ ನಗುತ್ತದೆ. ಸುಮ್ಮನಿದ್ದರೆ, ಉಳಿದ ನಾಲ್ಕರಲ್ಲಿ ಅದರ ಬಗ್ಗೆ ಬರೆದವಳು ಇಲ್ಲೇಕೆ ಬಿಟ್ಟಳು ಎಂದು ಕೇಳುವವರಿದ್ದಾರೆ. ಅವಳ ಕೇಳುಗರು ಅಂಥವರೇ, ಅವಳೇ ಸಾಕಿ ಬೆಳೆಸಿದ ಮೊಂಡರು. ಕೊನೆಗೆ ಭಾನುವಾರ ಮೈಕಿನ ಮುಂದೆ ಹೀಗೆ ಓದಿದಳು: “ಇಲ್ಲಿನ ಹಾರ್ಪ್ಸಿಕಾರ್ಡ್ ವಾದಕರ ಸಂಯಮವನ್ನು ಎಷ್ಟು ಹೊಗಳಿದರೂ ಸಾಲದು. ತಾವು ಇದ್ದೇವೆಂಬುದೇ ತಿಳಿಯದಷ್ಟು ವಿನಯದಿಂದ ಅವರು ಪಿಟೀಲಿನ ಹಿಂದೆ ನಿಂತಿದ್ದಾರೆ.” ನಾಲ್ಕನೇ ಚೀಲವೇ ಮೊದಲ ಸ್ಥಾನ ಪಡೆಯಿತು.

ಕಾರ್ಯಕ್ರಮ ಮುಗಿದ ಮೇಲೆ ನಿರ್ಮಾಪಕನ ಬಳಿ ಹೋದಳು. ನಲವತ್ತರ ಗೃಹಸ್ಥ, ಅವಳ ಕೈಕೆಳಗೇ ಕೆಲಸ ಕಲಿತವನು. “ಈ ತಿಂಗಳು ಮುಗೀಲಿ. ಆಮೇಲೆ ನಾನು ಬರಲ್ಲಪ್ಪ,” ಎಂದಳು.

“ಯಾಕೆ ಮೇಡಂ? ಯಾರಾದ್ರೂ ಏನಾದ್ರೂ ಅಂದ್ರಾ?”

“ಯಾರೂ ಏನೂ ಅಂದಿಲ್ಲ. ಅನ್ನೋಕೆ ಮುಂಚೆ ಹೋಗೋಣ ಅಂತ.”

ಮನೆಯಲ್ಲಿ ನಾದಿನಿಯ ಕಾಟ ಬೇರೆ. ಅವಳಿಗೆ ವಿಷಯ ತಿಳಿದಿತ್ತು. ಡಬ್ಬಿಯಲ್ಲಿ ಪುಸ್ತಿಕೆ ತಲೆಕೆಳಗಾದರೆ ಹೊಲಿಗೆಯವಳ ಕಣ್ಣಿಗೆ ಬೀಳದೆ ಇರುತ್ತದೆಯೇ?

“ಕಿವಿ ಡಾಕ್ಟರ ಹತ್ರ ಹೋಗೋಣ ಬನ್ನಿ ಅತ್ತಿಗೆ.”

“ಮುಂದಿನ ವಾರ.”

“ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತ ಎಷ್ಟು ದಿನ ತಪ್ಪಿಸ್ಕೋತೀರಿ?”

“ಡಾಕ್ಟರು ಹೇಳೋವರೆಗೆ ಅದು ನನ್ನ ಅನುಮಾನ ಕಣೆ. ಅವರು ಹೇಳಿದ ಮೇಲೆ ಸುದ್ದಿ ಆಗ್ಬಿಡುತ್ತೆ.”

ನಾದಿನಿ ಆ ದಿನ ಹೊಲಿಗೆ ಯಂತ್ರವನ್ನು ಬೇಗ ನಿಲ್ಲಿಸಿ ಅತ್ತಿಗೆಯ ಪಕ್ಕ ಬಂದು ಕೂತು, ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿದಳು.

ಗುರುವಾರ ಫೋನು ಬಂತು. ನಿರ್ಮಾಪಕನದು. “ಮೇಡಂ, ಈಗಲೇ ಬನ್ನಿ. ಒಂದು ಕಾಗದ ಬಂದಿದೆ.”

“ನನ್ನ ಕಿವಿ ವಿಚಾರಾನಾ?”

“ಕಿವೀನಾ? ಯಾರ ಕಿವಿ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಕಥೆ ಅವಳಿಗೂ ಗೊತ್ತು. ನಾಲಗೆ ಕಚ್ಚಿಕೊಂಡು ಚಪ್ಪಲಿ ಮೆಟ್ಟಿದಳು. ಬಸ್ಸಿನಲ್ಲಿ ಹೋಗುವಾಗ ಎಲ್ಲ ಮುಗಿಯಿತು ಎಂದುಕೊಂಡಳು. ಮಾನ ಹೋಗುವುದು ಇಂದು, ಕಿವಿ ಹೋದದ್ದು ಎಂದೋ.

ನಿರ್ಮಾಪಕ ಬಾಗಿಲು ಮುಚ್ಚಿ ಕಾಗದವನ್ನು ತಾನೇ ಓದಿದ. ಬರೆದವನು ಬೋಳು ತಲೆಯ ಆ ಹಾರ್ಪ್ಸಿಕಾರ್ಡ್ ವಾದಕನೇ.

“ಮಾನ್ಯರೇ, ಇಪ್ಪತ್ತೇಳು ವರ್ಷದಿಂದ ನುಡಿಸುತ್ತಿದ್ದೇನೆ. ನಿಮ್ಮ ವಿಮರ್ಶಕಿಯಷ್ಟು ನನ್ನನ್ನು ಯಾರೂ ಹೊಗಳಿಲ್ಲ. ಆ ಮಾತನ್ನು ಹೆಂಡತಿಗೆ ಎರಡು ಸಲ ಹೇಳಿದೆ. ಆದರೆ ಒಂದು ವಿಷಯ ಅರಿಕೆ ಮಾಡಲೇಬೇಕು. ಧ್ವನಿಮುದ್ರಣದ ದಿನ ವ್ಯಾನಿನಿಂದ ಇಳಿಸುವಾಗ ನನ್ನ ವಾದ್ಯದ ಕಾಲು ಮುರಿಯಿತು. ಸಭಾಂಗಣವನ್ನು ಇನ್ನೊಂದು ದಿನಕ್ಕೆ ಕೊಡುವವರಿರಲಿಲ್ಲ. ಆದ್ದರಿಂದ ಆ ಕನ್ಸರ್ಟೊವನ್ನು ನಾನಿಲ್ಲದೆ, ಬರೀ ಲೂಟ್ ಇಟ್ಟುಕೊಂಡು ನುಡಿಸಿದರು. ಡಿಸ್ಕಿನ ಉಳಿದ ಕೃತಿಗಳಲ್ಲಿ ನಾನಿದ್ದೇನೆ. ಇದರಲ್ಲಿ ಇಲ್ಲ. ಪಿಟೀಲಿನ ಹಿಂದೆ ವಿನಯದಿಂದ ನಿಂತಿದ್ದಾಗ ನಾನು ನಿಜವಾಗಿ ಹೊರಗೆ, ಬಡಗಿಯೊಬ್ಬನ ಜೊತೆ ಚಹಾ ಕುಡಿಯುತ್ತಿದ್ದೆ.”

ನಿರ್ಮಾಪಕ ಕಾಗದ ಮಡಿಸಿ ತಲೆ ತಗ್ಗಿಸಿದ. ಕಿವಿಯಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

“ಇನ್ನೊಂದ್ಸಲ ಓದು.”

“ಮೇಡಂ, ಬೇಡ...”

“ಇದರಲ್ಲಿ ಇಲ್ಲ ಅಂದ್ನಲ್ಲ, ಅದನ್ನ ಓದು.”

“ಇದರಲ್ಲಿ ಇಲ್ಲ.”

“ಒಂದು ತಂತೀನೂ ಇಲ್ವಾ?”

“ಇಲ್ಲ ಮೇಡಂ.”

ಅವಳು ನಕ್ಕಳು. ಮೊದಲು ಮೆಲ್ಲಗೆ, ಆಮೇಲೆ ಮೇಜು ಹಿಡಿದುಕೊಂಡು, ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಇರಲಿಲ್ಲ! ಇಲ್ಲದ್ದು ಕೇಳಿಸಲಿಲ್ಲ! ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಇವಳು ಪ್ರಮಾಣಿಸಲು ಹೋಗಿ ಅಚ್ಚಾದ ಕಾಗದವನ್ನು ನಂಬಿ, ಕಿವಿಯನ್ನು ಬಿಟ್ಟಿದ್ದಳು.

“ಇದು ನಗೋ ವಿಷಯ ಅಲ್ಲ,” ಎಂದ ನಿರ್ಮಾಪಕ. ಅವನಿಗೆ ನಿಜವಾಗಿ ನೋವಾಗಿತ್ತು. “ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತ ನೀವೇ ನನಗೆ ಹೇಳಿಕೊಟ್ಟಿದ್ದು. ಕೇಳಿಸ್ದೇನೇ ಬರೆದ್ರಾ?”

“ಹೂಂ.”

“ಇನ್ನೆಷ್ಟು ಸಲ ಹೀಗೆ ಮಾಡಿದೀರಿ?”

ಈ ಮಾತು ನಾಟಿತು. ನಗು ನಿಂತಿತು. ಇಪ್ಪತ್ತೆರಡು ವರ್ಷದ ಮೇಲೆ ಒಬ್ಬ ಶಿಷ್ಯ ಇದನ್ನು ಕೇಳುವಂತಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. “ಇದೊಂದೇ ಸಲ,” ಎಂದಳು. ಯಂತ್ರದ ಕೂಗು, ಅವ್ವನ ನಗು, ಗುಂಡಿ ಡಬ್ಬಿ ಎಲ್ಲ ಹೇಳಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ನಂಬಿದನೆಂದು ತೋರಿತು.

“ರೇಡಿಯೊದಲ್ಲಿ ತಪ್ಪೊಪ್ಪಿಕೊಳ್ಳಬೇಕಾಗುತ್ತೆ ಮೇಡಂ. ಆಮೇಲೆ ನಿರ್ದೇಶಕರು ಏನಂತಾರೋ.”

“ತೆಗೆದು ಹಾಕೋದಾದ್ರೆ ಹಾಕ್ಲಿ. ಕಿವಿ ನನ್ನ ಜೊತೇಲೇ ಮನೆಗೆ ಬರುತ್ತೆ.”

ಮರುದಿನ ತಾನಾಗಿಯೇ ನಾದಿನಿಯನ್ನು ಎಬ್ಬಿಸಿಕೊಂಡು ಕಿವಿ ಡಾಕ್ಟರ ಬಳಿ ಹೋದಳು. ಸದ್ದೇ ಇಲ್ಲದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಕೀಂ, ಕೀಂ ಎಂದು ಪರೀಕ್ಷೆ ಮಾಡಿದರು. ವಯಸ್ಸಿಗೆ ತಕ್ಕಂತೆ ಮೇಲಿನ ತುದಿ ಒಂದಿಷ್ಟು ಸವೆದಿದೆ, ಉಳಿದದ್ದು ಕಲ್ಲಿನಂತಿದೆ ಎಂದರು ಡಾಕ್ಟರು.

“ಹಾಗಾದ್ರೆ ಬಟ್ಟೆ ಮಷಿನ್ನು ಯಾಕೆ ಕೇಳಿಸಲ್ಲ?” ಎಂದು ನಾದಿನಿ ಎದ್ದು ನಿಂತಳು.

“ಕೇಳಿಸ್ತಿರುತ್ತೆ. ಇವರು ಲಕ್ಷ್ಯ ಕೊಡಲ್ಲ.”

“ನಾನು ಕರೆದಾಗಲೂ ಹೀಗೇನಾ ಡಾಕ್ಟ್ರೇ?”

ಡಾಕ್ಟರು ಜಾಣರು, ಚೀಟಿ ಬರೆಯುವುದರಲ್ಲಿ ಮುಳುಗಿದರು. ನಾದಿನಿ ಮನೆ ತಲುಪುವವರೆಗೂ ಬೈದಳು. ಅಷ್ಟನ್ನೂ ಕಿವಿಯಮ್ಮ ಒಂದಕ್ಷರ ಬಿಡದೆ ಸಂತೋಷವಾಗಿ ಕೇಳಿದಳು.

ಶನಿವಾರ ತಪ್ಪೊಪ್ಪಿಗೆಯ ಧ್ವನಿಮುದ್ರಣ. ನಿರ್ಮಾಪಕ ಅವಳ ಎದುರಿಗೇ ಕುರ್ಚಿ ಹಾಕಿ ಕೂತ. ಅವಳು ಓದಿದಳು: “ಕಳೆದ ವಾರ ನಾನು ನಿಮಗೆ ಸುಳ್ಳು ಹೇಳಿದೆ. ಆ ಧ್ವನಿಮುದ್ರಣದಲ್ಲಿ ನನಗೆ ಹಾರ್ಪ್ಸಿಕಾರ್ಡ್ ಕೇಳಿಸಿರಲಿಲ್ಲ. ಕೇಳಿಸಿತೆಂದು ಬರೆದೆ. ಅದು ಅಲ್ಲಿ ಇರಲೇ ಇಲ್ಲ. ತಪ್ಪು ನನ್ನದು.”

“ಮೇಡಂ, ಯಾರಿಗೋ ಬಹುಮಾನ ಬಂದ ಹಾಗಿದೆ ನಿಮ್ಮ ದನಿ. ಸ್ವಲ್ಪ ಬೇಜಾರಾಗಿ ಹೇಳಿ.”

ಎರಡನೆಯ ಸಲ ಇನ್ನೂ ಕೆಟ್ಟಿತು. ‘ಇರಲೇ ಇಲ್ಲ’ ಎನ್ನುವಲ್ಲಿ ನಗುವೇ ಬಂತು. ಮೂರನೆಯ ಸಲ ಶಿಷ್ಯನ ಆ ಪ್ರಶ್ನೆಯನ್ನು ನೆನೆದು ಓದಿದಳು. ದನಿ ತಗ್ಗಿತು. ಅವನು ತಲೆಯಾಡಿಸಿ, ಮುದ್ರಣವನ್ನು ತಿರುಗಿ ಹಾಕಿದ. ಇಬ್ಬರೂ ಹೆಡ್‌ಫೋನ್ ಹಾಕಿ ಕೇಳಿದರು.

“ಇದು ಸರಿಯಾಗಿದೆ,” ಎಂದ ಅವನು.

“ತಡಿ. ‘ತಪ್ಪು’ ಅಂದ ಕಡೆ ಹಿಂದೆ ಏನೋ ಇದೆ.”

“ಏನೂ ಇಲ್ಲ ಮೇಡಂ.”

“ನಿನ್ನ ಕುರ್ಚಿ. ಎಡಗಡೆ ವಾಲಿದೆ ನೀನು.”

ಅವನು ಹಿಂದಕ್ಕೆ ತಿರುಗಿಸಿ, ಸದ್ದು ಹೆಚ್ಚಿಸಿ, ಕಣ್ಣು ಮುಚ್ಚಿ ಕೇಳಿದ. ಮೂರನೆಯ ಸಲಕ್ಕೆ ಅವನ ಹುಬ್ಬು ಮೇಲೇರಿತು. ಕಿರ್ ಎಂದು ಇತ್ತು, ಇರುವೆ ಕೆಮ್ಮಿದಷ್ಟು.

“ಹೌದು, ಇದೆ! ಇನ್ನೊಂದ್ಸಲ ಓದಿಬಿಡಿ, ನಾನು ನಿಂತ್ಕೋತೀನಿ.”

“ಬೇಡಪ್ಪ,” ಎಂದಳು ಕಿವಿಯಮ್ಮ. ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಿದ್ದಳು. “ಅದನ್ನೇ ಇನ್ನೊಂದ್ಸಲ ಹಾಕು.”