ಎದುರುಕಕ್ಷಿ

"ಸ್ವಲ್ಪ ಓರೆ ಮಾಡಿ. ತಲೆ ಕಡೆಯವರು ಎತ್ತಿ ಹಿಡೀರಿ," ಎಂದು ಕೆಳಗಿನಿಂದ ಯಾರೋ ಹೇಳುತ್ತಿದ್ದರು. ಟೈಲರ್ ದೇಹ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಆ ಕಟ್ಟಡದ ಮೆಟ್ಟಿಲು ನಡೆದಾಡುವವರಿಗೇ ಇಕ್ಕಟ್ಟು. ಮಲಗಿದವರನ್ನು ಇಳಿಸಬೇಕಾಗುತ್ತದೆಂಬ ಯೋಚನೆ ಕಟ್ಟಿದವರಿಗೆ ಬಂದಿರಲಿಲ್ಲ. ಹೊತ್ತವರಲ್ಲೊಬ್ಬನ ಕೈ ಸೋತಿತು. ಎರಡು ಮಾತು ಹೇಳಿ ಹೊರಟುಬಿಡೋಣ ಎಂದು ಬಂದು, ಗೋಡೆಗೆ ಒತ್ತಿಕೊಂಡು ನಿಂತಿದ್ದ ಬಣ್ಣದ ಸಾಹುಕಾರರು ಹಿಂದುಮುಂದು ನೋಡದೆ ಆ ಮೂಲೆಗೆ ಹೆಗಲು ಕೊಟ್ಟರು.

ನೆರೆಹೊರೆಯವರು ಮುಖ ಮುಖ ನೋಡಿಕೊಂಡರು. ಕಾಲನಿಗೆ ಅಂಟಿಕೊಂಡೇ ಇರುವ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಈ ಸಾಹುಕಾರರದು. ಸತ್ತವರು ಅರ್ಧ ಆಯಸ್ಸನ್ನು ಆ ಕಾರ್ಖಾನೆಯ ಮೇಲೆ ತಕರಾರು ಹಾಕುವುದರಲ್ಲೇ ಕಳೆದವರು. ಎಲ್ಲರ ಬಾಯಲ್ಲೂ ಅವರು 'ತಕರಾರು ಟೈಲರ್'. ಎದುರಿಗೇ ಹಾಗೆ ಕರೆದರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಸ್ಮಶಾನದ ದಾರಿಯುದ್ದಕ್ಕೂ ಸಾಹುಕಾರರ ಜೇಬಿನಲ್ಲಿ ಫೋನ್ ಗುಂಯ್‌ಗುಡುತ್ತಲೇ ಇತ್ತು. ಮ್ಯಾನೇಜರ್. ನಗರದ ಹೊಸ ಯೋಜನೆಯ ಕೊನೆಯ ವಿಚಾರಣೆ ಅಂದೇ ಮಧ್ಯಾಹ್ನ. ಕೆರೆಯ ಮೇಲ್ಭಾಗದ ಬಯಲು ಯಾರಿಗೆ ಸೇರಬೇಕೆಂಬುದು ಅಲ್ಲಿ ಇತ್ಯರ್ಥವಾಗಬೇಕಿತ್ತು. ಕಾರ್ಖಾನೆ ಬೆಳೆಯಲು ಆ ಜಾಗ ಬೇಕು. ತಗಡಿನ ಶೆಡ್ಡುಗಳಲ್ಲಿ ಬೇಯುತ್ತಿರುವ ಕೆಲಸಗಾರರಿಗೆ ಮನೆ ಕಟ್ಟಿಕೊಡಲೂ ಅದೇ ಬೇಕು. ಮಳೆನೀರು ಕೆರೆಗೆ ಇಳಿಯುವುದೂ ಅದರ ಮೇಲಿಂದಲೇ. ಮನೆಗಳ ಮಾತು ಹೇಗೋ ಮುಂದಿನ ವರ್ಷಕ್ಕೆ ಹೋಗಿತ್ತು. ಉಳಿದ ತಕರಾರು ಟೈಲರದೊಂದೇ. ಅವರೇ ಹೋದಮೇಲೆ ಅಡ್ಡಿಯೇನು ಎಂಬುದು ಮ್ಯಾನೇಜರ್ ಲೆಕ್ಕ. ಸಾಹುಕಾರರು ಹೆಗಲು ಬದಲಾಯಿಸುವಾಗ ಫೋನ್ ಆರಿಸಿದರು.

*

ಮೊದಲ ವಿಚಾರಣೆಯಲ್ಲಿ ಸಾಹುಕಾರರಿಗೆ ಈ ಮನುಷ್ಯನನ್ನು ಕಂಡು ನಗು ಬಂದಿತ್ತು. ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು. ಅಂಗಡಿಯಿಂದ ಎದ್ದು ನೇರ ಬಂದಿದ್ದರು.

"ನೀವು ಹೊಲಿಯೋ ಬಟ್ಟೆಗೆ ಬಣ್ಣ ಎಲ್ಲಿಂದ ಬರುತ್ತೆ ಸ್ವಾಮಿ?" ಎಂದು ಸಾಹುಕಾರರು ಕೆಣಕಿದ್ದರು.

"ಬಣ್ಣ ಬಟ್ಟೇಲಿರ್ಲಿ. ಬಾವೀಲಿ ಬೇಡ."

ಸಭೆಯೆಲ್ಲ ನಕ್ಕಿತು. ಸಾಹುಕಾರರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಬೈದುಕೊಂಡೇ ಕೊಳೆನೀರು ಸೋಸುವ ತೊಟ್ಟಿ ಕಟ್ಟಿಸಿದರು.

ವರ್ಷಗಳು ಹೀಗೇ ಉರುಳಿದವು. ಅಧಿಕಾರಿಗಳು ಬದಲಾದರು, ನಕ್ಷೆಗಳು ಬದಲಾದವು. ಕಚೇರಿಯ ಹೊರಗಿನ ಬೆಂಚಿನ ಮೇಲೆ ಕಾಯುವವರು ಮಾತ್ರ ಇವರಿಬ್ಬರೇ. ಒಂದು ಚಹಾ ಎರಡು ಲೋಟವಾಗುತ್ತಿತ್ತು. ಒಮ್ಮೆ ಸಾಹುಕಾರರ ಕೋಟಿನ ತೋಳು ಬಿಚ್ಚಿಹೋಗಿದ್ದು ನೋಡಲಾರದೆ ಟೈಲರ್ ಅಲ್ಲೇ ಕೂತು ಹೊಲಿದುಕೊಟ್ಟು, ಒಳಗೆ ಹೋಗಿ ಅವರ ವಿರುದ್ಧವೇ ಒಂದು ಗಂಟೆ ಮಾತಾಡಿದ್ದರು.

"ಹಾಗಾದ್ರೆ ಕಾರ್ಖಾನೆ ಬಾಗಿಲು ಹಾಕ್ಕೊಂಡು ಹೋಗ್ಲಾ?" ಎಂದು ಸಾಹುಕಾರರು ಕೇಳಿದ ದಿನ ಮಾತ್ರ ಟೈಲರಿಗೆ ಸಿಟ್ಟು ಬಂದಿತ್ತು.

"ಮುಚ್ಚಿ ಅಂದಿದ್ದೀನಾ ಯಾವತ್ತಾದ್ರೂ? ನನ್ನ ಪಕ್ಕದ ಮನೆ ಒಲೆ ಉರಿಯೋದೇ ನಿಮ್ಮಿಂದ. ಕೆಲಸಗಾರರ ಮನೆಗಳು ಆಚೆ ಕಲ್ಲುಗುಡ್ಡದ ಮೇಲಾಗ್ಲಿ, ನೀವು ಸೋಸಿದ ನೀರನ್ನೇ ಮತ್ತೆ ಬಳಸಿ. ಬಯಲು ಬಯಲಾಗೇ ಇರ್ಲಿ ಅಂತೀನಿ, ಅಷ್ಟೇ."

ಆ ಮಾತನ್ನೇ ವಿಚಾರಣೆಯಲ್ಲಿ ಹೇಳಿದಾಗ, ಗುಡ್ಡಕ್ಕೆ ನೀರು ಹತ್ತಿಸುವವರು ಯಾರು, ನಿಮ್ಮಪ್ಪನಾ ಎಂದು ಶೆಡ್ಡಿನ ಹೆಂಗಸೊಬ್ಬಳು ಕೇಳಿದಳು. ಟೈಲರ್ ಅದನ್ನು ಇನ್ನೂ ಯೋಚಿಸಬೇಕು ಎಂದು ಕೂತುಬಿಟ್ಟರು. ಅಂದು ಚಹಾ ಕುಡಿಯಲಿಲ್ಲ.

*

ಸ್ಮಶಾನದ ಕೆಲಸ ಮುಗಿಯಿತು. ಟೈಲರ್ ಹೆಂಡತಿ ಮೋಟುಗೋಡೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಮಗಳು. ಅಪ್ಪನ ಅಂಗಡಿಯಲ್ಲಿ ಎರಡನೇ ಮಿಷನ್ನು ತುಳಿಯುತ್ತಿದ್ದವಳು ಅವಳೇ.

"ವಿಚಾರಣೆಗೆ ಹೊತ್ತಾಯ್ತಲ್ಲ, ಹೊರಡಲ್ವಾ?" ಎಂದು ತಾಯಿ ಸಾಹುಕಾರರನ್ನು ಕೇಳಿದರು. "ಇಬ್ರೂ ಹೋಗ್ದಿದ್ರೆ ಆಫೀಸರು ಗೋಡೆ ಜೊತೆ ಮಾತಾಡ್ಬೇಕಾಗುತ್ತೆ ಅಂತಿದ್ರು ಇವರು."

"ಹೋಗ್ಲಿ ಬಿಡಮ್ಮ," ಎಂದಳು ಮಗಳು, ಅವರ ಕಡೆ ನೋಡದೆ. "ಇವತ್ತು ಅಡ್ಡ ಬರೋರು ಯಾರೂ ಇಲ್ಲ."

ಸಾಹುಕಾರರು ಅಂಗಿಯ ಮಣ್ಣು ಕೊಡವಿಕೊಂಡು ಹೋದರು.

ಕಚೇರಿಯಲ್ಲಿ ಮ್ಯಾನೇಜರ್ ಮದುವೆಮನೆಯ ಉಮೇದಿನಲ್ಲಿದ್ದ. ಅಧಿಕಾರಿ ನಕ್ಷೆ ಹರಡಿ, ಯಾರದಾದರೂ ತಕರಾರಿದೆಯೇ ಎಂದು ಕೇಳಿದರು. ಖಾಲಿ ಕುರ್ಚಿಗಳು. ಅವರು ಪೆನ್ನಿನ ಮುಚ್ಚಳ ತೆಗೆದರು. ಸಾಹುಕಾರರು ಆ ಪೆನ್ನನ್ನೇ ನೋಡಿದರು. ಇದಕ್ಕಾಗಿಯೇ ಇಷ್ಟು ವರ್ಷ ಆ ಬೆಂಚು ಸವೆಸಿದ್ದರು.

"ಎದುರುಕಕ್ಷಿ ಬಂದಿಲ್ಲ," ಎಂದು ಎದ್ದು ನಿಂತರು. "ಮುಂದಕ್ಕೆ ಹಾಕಿ."

"ತೀರಿಕೊಂಡವರು ಎಲ್ಲಿಂದ ಬರ್ತಾರೆ ಸಾರ್?" ಎಂದರು ಅಧಿಕಾರಿ.

"ಮಗಳಿದ್ದಾಳೆ."

ಮ್ಯಾನೇಜರ್ ಹಿಂದಿನಿಂದ ಅಂಗಿ ಜಗ್ಗಿದ. ಅಧಿಕಾರಿ ಇಬ್ಬರನ್ನೂ ನೋಡಿ, ಒಂದು ತಿಂಗಳು ಮುಂದೂಡಿದರು.

ಸಂಜೆ ಸಾಹುಕಾರರು ಆ ಇಕ್ಕಟ್ಟಿನ ಮೆಟ್ಟಿಲು ಹತ್ತಿ ಸುದ್ದಿ ಹೇಳಿದಾಗ ಮಗಳು ಬಾಗಿಲಿಗೆ ಅಡ್ಡವಾಗೇ ನಿಂತಿದ್ದಳು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದಳು.

"ಮುಂದಿನ ವಿಚಾರಣೇಲಿ ಎಡಗಡೆ ಸಾಲಲ್ಲಿ ಕೂತ್ಕೋ," ಎಂದರು ಸಾಹುಕಾರರು. "ಬಲಗಡೆ ಫ್ಯಾನ್ ಸದ್ದಿಗೆ ಏನೂ ಕೇಳಿಸಲ್ಲ. ಮತ್ತೆ, ಗುಡ್ಡಕ್ಕೆ ನೀರು ಹತ್ತಿಸೋದು ಹೇಗೆ ಅಂತ ಕೇಳೇ ಕೇಳ್ತೀನಿ. ಉತ್ತರ ಹುಡುಕ್ಕೊಂಡು ಬಾ. ನಾನಂತೂ ಬಿಟ್ಟುಕೊಡಲ್ಲ."

"ನಾನೂ ಬಿಡಲ್ಲ," ಎಂದಳು ಅವಳು. ಹೇಳಿ, ಬಾಗಿಲಿಂದ ಸ್ವಲ್ಪ ಸರಿದಳು. ಅವರು ಒಳಗೆ ಹೋಗಲಿಲ್ಲ.

ಅವರ ಕಾರು ಕಾಲನಿ ದಾಟುವಾಗ ಸೈರನ್ ಕೂಗಿತು. ಪಾಳಿಗೆ ಹೋಗುವವರು ಬುತ್ತಿ ಹಿಡಿದು ಕಾರ್ಖಾನೆಯ ಕಡೆ ಏರತೊಡಗಿದರು. ತುಂಬಿದ ಕೊಡಗಳ ಹೆಂಗಸರು ಕೆರೆ ಕಡೆಯಿಂದ ಮನೆಗಳತ್ತ ಬರುತ್ತಿದ್ದರು. ಕಾರಿಗೆ ಜಾಗವಿರಲಿಲ್ಲ. ಸಾಹುಕಾರರು ಎಂಜಿನ್ ಆರಿಸಿದರು. ಎರಡೂ ಕಡೆಯ ಜನ ಭುಜ ಓರೆ ಮಾಡಿ, ಕೊಡ ತುಳುಕದ ಹಾಗೆ, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಳ್ಳುತ್ತ ಕಾರಿನ ಅಕ್ಕಪಕ್ಕದಲ್ಲಿ ಹಾದುಹೋಗುತ್ತಿದ್ದರು.